ತಟ್ಟೆಯಲ್ಲಿ ಉಳಿದ ಕೊನೆಯ ತುಂಡು

ಬೀಗಿತ್ತಿ ಸಾಯೋಕೊ ಕೊಡಿಸಿದ ಆ ತಿಳಿನೇರಳೆ ಶಾಲಾ ಚೀಲವನ್ನು ಕಂಡಾಗಲೆಲ್ಲ ಕಿನುಯೆಗೆ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಮೊಮ್ಮಗಳು ಸುಜು ಶಾಲೆಗೆ ಸೇರುವುದು ಏಪ್ರಿಲಿಗೆ. ಚೀಲ ಮಾತ್ರ ಹಿಂದಿನ ಬೇಸಿಗೆಯಲ್ಲೇ ಮನೆ ಸೇರಿತ್ತು. ಜನವರಿಯ ಕೊನೆಯ ಈ ಪ್ರವಾಸಕ್ಕೂ, ಫೋಟೋ ತೆಗೆಸಿಕೊಳ್ಳಬೇಕೆಂದು, ಹುಡುಗಿ ಅದನ್ನು ಬೆನ್ನಿಗೇರಿಸಿಕೊಂಡೇ ಬಂದಿದ್ದಳು. ರೈಲಿನಲ್ಲಿ ಎದುರು ಕೂತವರು "ಯಾರು ಪುಟ್ಟಾ ಕೊಡ್ಸಿದ್ದು?" ಎಂದು ಕೇಳುವುದು, ಸುಜು "ಕೋಬೆ ಅಜ್ಜಿ" ಎನ್ನುವುದು, ಕೋಬೆ ಅಜ್ಜಿ ಕತ್ತಿನ ಮುತ್ತಿನ ಸರ ಮುಟ್ಟಿಕೊಂಡು ನಗುವುದು, ಇದೇ ಆಯಿತು ದಾರಿಯುದ್ದಕ್ಕೂ.

"ಮತ್ತೆ ಇವ್ರು?" ಎಂದು ಯಾರೋ ಕಿನುಯೆಯ ಕಡೆ ತೋರಿಸಿದರು.

"ಇವ್ರು ಉಪ್ಪಿನಕಾಯಿ ಅಜ್ಜಿ."

ಕ್ಯೋಟೊದಲ್ಲಿ ನಾಲ್ಕು ತಲೆಮಾರಿನ ಉಪ್ಪಿನಕಾಯಿ ಅಂಗಡಿ ಕಿನುಯೆಯದು. ಈಗ ಮೈದುನನ ಮಗ ನೋಡಿಕೊಳ್ಳುತ್ತಾನಾದರೂ ಚಳಿಗಾಲದ ಬಿಳಿ ಗೆಡ್ಡೆಯನ್ನು ಇವಳೇ ಹೆಚ್ಚಬೇಕು. ಹೆಸರೇನೋ ಸುಳ್ಳಲ್ಲ. ಆದರೆ ಒಬ್ಬಳಿಗೆ ಊರಿನ ಹೆಸರು, ಇನ್ನೊಬ್ಬಳಿಗೆ ಜಾಡಿಯ ಹೆಸರು ಅಂದರೆ ಹೇಗೆ?

ಚೀಲದ ವಿಷಯದಲ್ಲಿ ನಿಜ ಹೇಳಬೇಕೆಂದರೆ ಸೊಸೆ ಮಿನೋರಿ ಮೊದಲು ಕೇಳಿದ್ದು ಕಿನುಯೆಯನ್ನೇ. "ಅತ್ತೆ, ಸುಜು ಬ್ಯಾಗ್ ನೀವು ಕೊಡಿಸ್ತೀರಾ?" ಕಿನುಯೆ ಆಗಲೇ ಮನಸ್ಸಿನಲ್ಲಿ ಬಣ್ಣ ಕೂಡ ಆರಿಸಿಟ್ಟಿದ್ದಳು. ಬಾಯಿ ಮಾತ್ರ "ನಿಮ್ಮಮ್ಮಂಗೂ ಆಸೆ ಇರುತ್ತಲ್ಲಮ್ಮ, ಅವ್ರೇ ಕೊಡಿಸ್ಲಿ" ಅಂದುಬಿಟ್ಟಿತು. ಅದು ಬೇಡ ಎನ್ನುವ ಮಾತಲ್ಲ. ಅವಳು ಹುಟ್ಟಿ ಬೆಳೆದ ಬೀದಿಯಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೇ ಸಲ ಬೇಡ ಅನ್ನುವುದು ಕೇಳಿದವರ ಮನಸ್ಸು ನೋಡುವುದಕ್ಕೆ. ಮೂರನೇ ಸಲ ಕೇಳಿದರೆ "ಅಷ್ಟು ಹೇಳ್ತೀರಿ ಅಂದ್ಮೇಲೆ" ಎಂದು ಒಪ್ಪಿಕೊಳ್ಳುವುದು. ಆದರೆ ಮಿನೋರಿ ಎರಡನೇ ಸಲ ಕೇಳುವುದರೊಳಗೆ ಅವಳ ತಾಯಿ ಕೋಬೆಯ ಅಂಗಡಿಗೆ ಹೋಗಿ ಚೀಲ ಕೊಂಡು ಬಂದಾಗಿತ್ತು.

ಚೀಲ ಹೋದರೆ ಹೋಗಲಿ. ಅದಕ್ಕಿಂತ ದೊಡ್ಡದೊಂದು ಕಿನುಯೆಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೊಸ ವರ್ಷದ ದಿನ ಓಸಾಕಾದಿಂದ ಮಗ ಯೂಸಾಕು ಬಂದವನು, ಅಂಟಂಟಾದ ಅಕ್ಕಿಕಡುಬು ಹಾಕಿದ ಸಾರು ಹೀರುತ್ತ ಕೇಳಿದ್ದ: "ಅಮ್ಮ, ಏಪ್ರಿಲಿಂದ ಮಿನೋರಿ ಪೂರ್ತಿ ದಿನ ಕೆಲ್ಸಕ್ಕೆ ಹೋಗ್ತಾಳೆ. ಸುಜು ಸ್ಕೂಲಿಂದ ಬಂದ್ಮೇಲೆ ನೋಡ್ಕೊಳ್ಳೋರು ಬೇಕು. ನಾವು ಇಲ್ಲೇ ಹತ್ರ ಮನೆ ಮಾಡಿದ್ರೆ ನಿನ್ನಿಂದ ಆಗುತ್ತಾ?"

ಕಿನುಯೆಯ ಎದೆ ಅರಳಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಟ್ಟ ಮೇಜು, ಅದರ ಮೇಲೆ ಬಣ್ಣದ ಪೆನ್ಸಿಲು, ಬಾಗಿಲಲ್ಲಿ ಪುಟ್ಟ ಬೂಟು, ಎಲ್ಲ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು. ಬಾಯಿ ಅಂದಿತು: "ಈ ವಯಸ್ಸಲ್ಲಿ ನನ್ನಿಂದೆಲ್ಲಿ ಆಗುತ್ತಪ್ಪ. ಮಗು ಓಡಿದ್ರೆ ಹಿಂದೆ ಓಡೋ ಕಾಲಾ ಇವು?"

"ಅದೂ ಸರಿನೇ" ಅಂದ ಯೂಸಾಕು, ಕಡುಬನ್ನು ಉದ್ದಕ್ಕೆ ಎಳೆದು ನುಂಗಿದ.

ಅದೇ ಮನೆಯಲ್ಲಿ ಹುಟ್ಟಿದ ಮಗ. ಓಸಾಕಾದ ನೀರು ಕುಡಿದು ಮನೆಯ ಭಾಷೆಯನ್ನೇ ಮರೆತಿದ್ದ. ಅವತ್ತಿನಿಂದ ಕಿನುಯೆ ಅವನ ಎರಡನೇ ಕೇಳಿಕೆಗಾಗಿ ಕಾಯುತ್ತಿದ್ದಳು. ಸಾಯೋಕೊಳನ್ನೂ ಕೇಳಿರಬಹುದು ಅನ್ನುವ ಅನುಮಾನ ಬಂದಾಗಲಂತೂ ಕೈಯಲ್ಲಿದ್ದ ಚಾಕು ಗೆಡ್ಡೆಯ ಮೇಲೆ ದಪ್ಪ ದಪ್ಪಗೆ ಬೀಳುತ್ತಿತ್ತು.

ಹೀಗಿರುವಾಗ ಮಿನೋರಿಯ ಫೋನು. ಇಸೆ ಕೊಲ್ಲಿಯ ದಡದಲ್ಲಿ ನಾಮಿ ಲ್ಯಾಂಡ್ ಅನ್ನುವ ಆಟದ ಪಾರ್ಕಿಗೆ ಎಲ್ಲರೂ ಹೋಗೋಣ, ಎರಡು ರಾತ್ರಿ ಅಲ್ಲೇ ಹೋಟೆಲಿನಲ್ಲಿರೋಣ ಅಂದಳು. "ಹಗಲು ಏನಾದ್ರೂ ತಿನ್ಕೊಂಡು ತಿರುಗೋಣ ಅತ್ತೆ. ರಾತ್ರಿ ಮಾತ್ರ ಒಳ್ಳೆ ಕಡೆ ಕೂತು ಊಟ ಮಾಡೋಣ. ಒಂದು ರಾತ್ರಿದು ನಮ್ಮಮ್ಮ ಆರಿಸ್ಲಿ, ಇನ್ನೊಂದು ನೀವು."

"ನನಗೇನಮ್ಮ ಗೊತ್ತು ಅಂಥ ಜಾಗದ್ದು. ನೀವು ಕರ್ಕೊಂಡು ಹೋದ ಕಡೆ ಬರ್ತೀನಿ."

"ಇಲ್ಲ ಅತ್ತೆ, ನೀವೇ ಆರಿಸ್ಬೇಕು."

ಎರಡನೇ ಸಲ ಕೇಳಿದಳು, ಪುಣ್ಯಾತ್ಗಿತ್ತಿ. ಚೀಲದ ಪಾಠ ನೆನಪಿದ್ದ ಕಿನುಯೆ ಮೂರನೆಯದಕ್ಕೆ ಕಾಯದೆ ಒಪ್ಪಿಕೊಂಡಳು.

ಆಮೇಲೆ ಶುರುವಾಯಿತು ಅವಳ ತಪಸ್ಸು. ಸಂಜೆ ಅಂಗಡಿ ಮುಚ್ಚಿದ ಮೇಲೆ ಫೋನನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ನಾಮಿ ಲ್ಯಾಂಡಿನ ಊಟದ ಮನೆಗಳನ್ನು ಒಂದೊಂದಾಗಿ ಜಾಲಾಡಿದಳು. ಕಾದ ಕಬ್ಬಿಣದ ಹಲಗೆಯ ಮೇಲೆ ಕಣ್ಣೆದುರೇ ಮಾಂಸ ಬೇಯಿಸಿಕೊಡುವುದೊಂದಿತ್ತು. ಹೊಗೆಗೆ ಕೂದಲು ವಾಸನೆ ಬರುತ್ತದೆ, ಬೇಡ. ತಿರುಗುವ ಮೇಜಿನ ಚೀನೀ ಊಟದ್ದೊಂದಿತ್ತು; ಮೇಜು ತಿರುಗುತ್ತಿದ್ದರೆ ಗಂಭೀರವಾದ ಮಾತು ಯಾವಾಗ ಆಡುವುದು? ಬಿಳಿ ಹಡಗು ಅನ್ನುವುದೊಂದಿತ್ತು, ಫ್ರೆಂಚ್ ಊಟ, ಕಿಟಕಿಯಾಚೆ ಸಮುದ್ರದ ಮೇಲೆ ಬಾಣಬಿರುಸು. ಅದರ ಮೇಲೆ ಕಿನುಯೆಗೆ ಆಸೆಯಾಗಿತ್ತು. ಅಷ್ಟರಲ್ಲಿ ಮಿನೋರಿ "ನಮ್ಮಮ್ಮ ಬಿಳಿ ಹಡಗು ಬುಕ್ ಮಾಡಿದಾರೆ" ಅಂದಳು. ಬಿಡದೆ ಮೂರು ದಿನ ಕಿನುಯೆ ಆ ಹಡಗು ಮುಳುಗಲಿ ಎಂದು ಹಾರೈಸಿದಳು.

ಕೊನೆಯದು ಮೊಕೊನ ಅಡುಗೆಮನೆ. ಮೊಕೊ ಅಂದರೆ ನಾಮಿ ಲ್ಯಾಂಡಿನ ಗುರುತಾದ ದಪ್ಪ ಸೀಲು, ಕಡಲನಾಯಿ. ಅದರ ವೇಷ ತೊಟ್ಟವರು ಮೇಜಿನಿಂದ ಮೇಜಿಗೆ ಬಂದು ಮಕ್ಕಳನ್ನು ತಬ್ಬಿಕೊಳ್ಳುತ್ತಾರೆ. ಅನ್ನವನ್ನು ಸೀಲಿನ ಆಕಾರಕ್ಕೆ ಒತ್ತಿ ಸುತ್ತ ಕರ್ರಿ ಸುರಿಯುತ್ತಾರೆ. ಸುಜು ಫೋನಿನಲ್ಲಿ ಹೇಳಿದ್ದಳು, "ಉಪ್ಪಿನಕಾಯಿ ಅಜ್ಜಿ, ನಂಗೆ ಮೊಕೊ ಹತ್ರ ಊಟ ಮಾಡ್ಬೇಕು." ಕಿನುಯೆ "ಆಗ್ಲಿ ಕಂದ" ಅಂದು ಫೋಟೋ ನೋಡಿದಳು. ಪ್ಲಾಸ್ಟಿಕ್ ತಟ್ಟೆ. ಬಿಳಿ ಹಡಗಿನೆದುರು ಪ್ಲಾಸ್ಟಿಕ್ ತಟ್ಟೆ ಇಟ್ಟು ಗೆಲ್ಲುವುದುಂಟೇ? ಮಗುವಿನ ಆಸೆಯನ್ನು ಹಗಲಿನ ಐಸ್‌ಕ್ರೀಮಿನಲ್ಲಿ ತೀರಿಸಿದರಾಯಿತೆಂದು ಮುಂದೆ ಸರಿದಳು.

ಅವಳು ಆರಿಸಿದ್ದು ಹೋಟೆಲಿನ ಮೇಲಿನ ಮಹಡಿಯ ಶಿಯೊಕಾಜೆ. ಚಾಪೆ ಹಾಸಿದ ಪ್ರತ್ಯೇಕ ಕೋಣೆ, ಒಂದರ ಹಿಂದೊಂದು ಬರುವ ಪುಟ್ಟ ಬಟ್ಟಲುಗಳು, ಇಸೆಯ ದೊಡ್ಡ ಸೀಗಡಿ. ಮೂಗಿಗಿಂತ ಮೂಗುತಿ ಭಾರ ಅನ್ನಿಸಿತು, ಆದರೂ ಖುದ್ದು ಫೋನು ಮಾಡಿ ಎರಡನೇ ರಾತ್ರಿಗೆ ಕೋಣೆ ಹಿಡಿದಳು. ಬಾಗಿಲು ಸರಿಸಿದರೆ ಒಳಗೆ ಐದೇ ಜನ, ಗದ್ದಲವಿಲ್ಲ. ಯೂಸಾಕು ಅಲ್ಲಿ ಎರಡನೇ ಸಲ ಕೇಳದಿದ್ದರೆ ಇನ್ನೆಲ್ಲಿ ಕೇಳುತ್ತಾನೆ?

ಮೊದಲ ರಾತ್ರಿ ಕಿನುಯೆ ಬಿಳಿ ಹಡಗಿಗೆ ತಕ್ಕ ಹಾಗೆ ಗಂಡ ತಂದುಕೊಟ್ಟಿದ್ದ ಬೂದು ರೇಷ್ಮೆಯ ಕಿಮೋನೊ ಉಟ್ಟು ಕೆಳಗಿಳಿದಳು. ಸಾಯೋಕೊ ಮುಂದೆ ಮುಂದೆ ನಡೆದವಳು ಬಿಳಿ ಹಡಗಿದ್ದ ಬಂದರಿನ ಕಡೆಗೆ ತಿರುಗಲೇ ಇಲ್ಲ. ನೀಲಿ ಬಾಗಿಲಿನ ಮುಂದೆ ನಿಂತಳು. ಬಾಗಿಲ ಮೇಲೆ ಸೀಲಿನ ಮೀಸೆ.

ಸುಜು ಕಿರುಚಿದ್ದು ಬಂದರಿನವರೆಗೂ ಕೇಳಿಸಿರಬೇಕು.

"ಬಿಳಿ ಹಡಗು ಅಂದಿದ್ರಲ್ಲ?" ಅಂದಳು ಕಿನುಯೆ.

"ಅಂದಿದ್ದೆ ಕಿನುಯೆ ಅವ್ರೇ. ಆಮೇಲೆ ಮಗೂನ ಕೇಳಿದೆ, ಎಲ್ಲಿಗೆ ಹೋಗೋಣ ಅಂತ. ಮೊಕೊ ಅಂದ್ಲು. ಹಡಗು ಬಿಟ್ಟೆ." ಸಾಯೋಕೊ ಮುತ್ತಿನ ಸರದ ಮೇಲೆಯೇ ಕಾಗದದ ಎದೆಬಟ್ಟೆ ಕಟ್ಟಿಕೊಂಡಳು, ತಲೆಗೆ ಸೀಲಿನ ಕಿವಿ ಸಿಕ್ಕಿಸಿಕೊಂಡಳು. "ನಿಮಗೂ ಒಂದು ಕೊಡ್ಲಾ?"

"ಅಯ್ಯೋ, ನನಗ್ಯಾಕೆ."

ಮತ್ತೆ ಯಾರೂ ಕೇಳಲಿಲ್ಲ. ಎಲ್ಲರ ತಲೆ ಮೇಲೂ ಕಿವಿ, ಕಿನುಯೆಯ ತಲೆ ಮೇಲೆ ತುರುಬಿಗೆ ಸಿಕ್ಕಿಸಿದ ಬರಿಯ ಬಾಚಣಿಗೆ. ಮೊಕೊ ಬಂದು ಸುಜುವನ್ನು ತಬ್ಬಿತು, ಸಾಯೋಕೊಳನ್ನು ತಬ್ಬಿತು, ಕಿನುಯೆಯ ರೇಷ್ಮೆಯನ್ನು ನೋಡಿ ದೂರದಿಂದಲೇ ಬಾಗಿ ನಮಸ್ಕರಿಸಿ ಹೋಯಿತು. ಸುಜು ಬಾಯಿತುಂಬ ಕರ್ರಿ ಇಟ್ಟುಕೊಂಡು "ಕೋಬೆ ಅಜ್ಜಿ, ನೀನೇ ಬೆಸ್ಟು" ಅಂದಳು. ಆ ಆಸೆಯನ್ನು ಮೊದಲು ಕೇಳಿಸಿಕೊಂಡದ್ದು ತಾನು. ಕೈಗೆ ಬಂದ ತುತ್ತನ್ನು ತಾನೇ ಬೀಗಿತ್ತಿಯ ಬಾಯಿಗಿಟ್ಟ ಹಾಗಾಯಿತು ಎಂದು ಕಿನುಯೆ ಒಳಗೊಳಗೇ ಕುದ್ದಳು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂದ ಹಾಗೆ, ಕರ್ರಿ ಸಿಹಿ, ಅನ್ನ ಮುದ್ದೆ, ನೀರು ಬೆಚ್ಚಗೆ ಅನ್ನಿಸಿತು.

ನಡುವೆ ಇಟ್ಟ ದೊಡ್ಡ ತಟ್ಟೆಯಲ್ಲಿ ಕರಿದ ಸೀಗಡಿ ಒಂದೇ ಉಳಿಯಿತು. ಇಂಥ ಕೊನೆಯ ತುಂಡಿಗೆ ಆ ಕಡೆಯ ಜನ ಸಂಕೋಚದ ತುಂಡು ಅನ್ನುತ್ತಾರೆ. ಎಲ್ಲರಿಗೂ ಬೇಕು, ಯಾರೂ ಮುಟ್ಟುವುದಿಲ್ಲ, ಕೊನೆಗೆ ತಣ್ಣಗಾಗಿ ಅಡುಗೆಮನೆಗೆ ವಾಪಸು ಹೋಗುತ್ತದೆ.

"ನೀವು ತಗೊಳ್ಳಿ" ಅಂದ ಯೂಸಾಕು, ಇಬ್ಬರು ಅಜ್ಜಿಯರಿಗೂ.

"ನೀವು ತಗೊಳ್ಳಿ" ಅಂದಳು ಕಿನುಯೆ, ಸಾಯೋಕೊಗೆ.

"ಸರಿ ಹಾಗಾದ್ರೆ" ಎಂದು ಸಾಯೋಕೊ ಎತ್ತಿಕೊಂಡು ಬಾಲದವರೆಗೂ ತಿಂದಳು. ಎಲ್ಲರೂ ನಕ್ಕರು. ಕಿನುಯೆಯೂ ನಕ್ಕಳು, ಕೆನ್ನೆ ನೋಯುವಷ್ಟು.

ಮರುದಿನ ಪೂರ್ತಿ ಸಮುದ್ರದ ಗಾಳಿ ಮುಖಕ್ಕೆ ಬಾರಿಸಿತು. ಸಾಯೋಕೊ ಮೊಮ್ಮಗಳ ಜೊತೆ ತಿರುಗುವ ದೊಡ್ಡ ಬಟ್ಟಲಿನ ಆಟದಲ್ಲಿ ಕೂತಳು, ನೀರಿನ ಜಾರುಬಂಡಿಯಲ್ಲಿ ಜಾರಿದಳು, ಅರವತ್ತಾರರ ಹೆಂಗಸು ಸೀಲಿನ ಕಿವಿಯನ್ನು ಸಂಜೆವರೆಗೂ ತೆಗೆಯಲಿಲ್ಲ. ಕಿನುಯೆ ಕೆಳಗೆ ಬೆಂಚಿನ ಮೇಲೆ ಎಲ್ಲರ ಕೋಟು, ಪಾಪ್‌ಕಾರ್ನ್ ಡಬ್ಬಿ, ಮೇಲೆ ಆ ತಿಳಿನೇರಳೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚೀಲದ ಚರ್ಮ ಮೃದುವಾಗಿತ್ತು, ಹೊಲಿಗೆ ಒಂದೂ ತಪ್ಪಿರಲಿಲ್ಲ. ಹುಳುಕು ಸಿಗದಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇರಲಿ, ರಾತ್ರಿ ನನ್ನದು ಅಂದುಕೊಂಡಳು.

ಶಿಯೊಕಾಜೆಯ ಕೋಣೆ ಫೋಟೋಗಿಂತ ಚೆನ್ನಾಗಿತ್ತು. ಗೋಡೆಯ ಗೂಡಿನಲ್ಲಿ ಒಂದೇ ಒಂದು ಹೂವಿನ ಕೊಂಬೆ. ಬಡಿಸುವ ಹೆಂಗಸು ಮಂಡಿಯೂರಿ ಬಾಗಿಲು ಸರಿಸಿ ಕಪ್ಪು ಬಟ್ಟಲುಗಳನ್ನು ಇಟ್ಟಳು. ಮುಚ್ಚಳ ತೆಗೆಯುವ ಮೊದಲೇ ಕಿನುಯೆಯ ತೊಡೆಯ ಮೇಲೆ ಏನೋ ಭಾರ ಬಿತ್ತು. ಸುಜುವಿನ ತಲೆ. ಹುಡುಗಿ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು.

ಆ ತಲೆಯ ಬಿಸಿ ಕಿನುಯೆಯ ತೊಡೆಗೆ ಹತ್ತಿತು. ಅವಳು ಬೀಗಿತ್ತಿಯ ಕಡೆ ನೋಡಿದಳು. ನೋಡು, ಮಲಗೋದಕ್ಕೆ ಯಾರ ತೊಡೆ ಬೇಕಾಯಿತು ಎಂಬಂತೆ.

"ಕಾಲುಚೀಲ ಎಲ್ಲ ಒದ್ದೆ" ಅಂದಳು ಮಿನೋರಿ. "ಅತ್ತೆ, ಇವಳನ್ನ ರೂಮಲ್ಲಿ ಮಲಗಿಸ್ತೀವಿ, ಶೀತ ಆಗುತ್ತೆ."

"ಇಲ್ಲೇ ಮಲಗಿರ್ಲಿ ಬಿಡಮ್ಮ. ನನ್ನ ಶಾಲು ಹೊದಿಸ್ತೀನಿ."

ಯೂಸಾಕು ಆಗಲೇ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದ. "ಈಗ ಬಂದ್ವಿ ಅಮ್ಮ, ನೀವು ಶುರು ಮಾಡಿ."

ಬರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಬಂತು. ಸುಜು ಎದ್ದು ರಂಪ ಮಾಡುತ್ತಿದ್ದಾಳೆ, ಅಪ್ಪನೂ ಬೇಕಂತೆ, ಅಮ್ಮನೂ ಬೇಕಂತೆ, ಊಟ ವ್ಯರ್ಥ ಮಾಡಬೇಡಿ, ನೀವಿಬ್ಬರೂ ತಿನ್ನಿ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಯಾರನ್ನು ಸೋಲಿಸಬೇಕೆಂದು ಈ ಕೋಣೆ ಹಿಡಿದಳೋ ಅವಳೊಬ್ಬಳೇ ಎದುರಿಗೆ ಕೂತಿದ್ದಳು, ನಡುವೆ ಐದು ಜನರ ಊಟ. ಬಡಿಸುವ ಹೆಂಗಸು ದೊಡ್ಡ ತಟ್ಟೆಯಲ್ಲಿ ಸುಟ್ಟ ಸೀಗಡಿಯ ತುಂಡುಗಳನ್ನು ತಂದಿಟ್ಟು ಬಾಗಿಲು ಸರಿಸಿಕೊಂಡು ಹೋದಳು.

ಇಬ್ಬರೂ ತಿಂದರು. ಸಾಯೋಕೊ ಬಿಸಿ ಮದ್ಯದ ಪುಟ್ಟ ಹೂಜಿಯನ್ನು ಎರಡು ಸಲ ತರಿಸಿಕೊಂಡಳು.

"ಚೆನ್ನಾಗಿದೆ" ಅಂದಳು ಕೊನೆಗೆ. "ನನ್ನ ಕರ್ರಿಗಿಂತ ಚೆನ್ನಾಗಿದೆ."

"ಏನೋ, ಹೊಟ್ಟೆಗೆ ಹಿಡಿಸಿದ್ರೆ ಸಾಕು."

"ಕಿನುಯೆ ಅವ್ರೇ, ಒಂದು ಹೇಳ್ತೀನಿ. ನಾಳೆ ತಿಂಡಿ ಹೊತ್ತಿಗೆ ನಿಮ್ಮ ಮಗ ಹೇಳ್ತಾನೆ. ಕೋಬೆಯಲ್ಲಿ, ನಮ್ಮ ಬೀದಿಯಲ್ಲೇ ಮನೆ ನೋಡಿದಾರೆ. ಸೋಮವಾರ ಸಹಿ."

ಕಿನುಯೆಯ ಕೈಯಲ್ಲಿದ್ದ ಊಟದ ಕಡ್ಡಿಗಳು ಅಲ್ಲೇ ನಿಂತವು. ನಗುವುದಕ್ಕೆ ಮುಖ ತಾನಾಗಿ ತಯಾರಾಯಿತು. "ಒಳ್ಳೇದಾಯ್ತು" ಅಂದಳು.

"ನೋಡಿ, ಇದೇ." ಸಾಯೋಕೊ ಬಟ್ಟಲು ಕೆಳಗಿಟ್ಟಳು. "ನಾಳೆ ನೀವು ಹೀಗೆ ಅಂತೀರಿ, ಹೀಗೇ ನಗ್ತೀರಿ. ಅದನ್ನ ನೋಡ್ಕೊಂಡು ತಿಂಡಿ ತಿನ್ನೋಕೆ ನನ್ನಿಂದಾಗಲ್ಲ. ಅದಕ್ಕೇ ಈಗ್ಲೇ ಹೇಳ್ತಿದೀನಿ. ನಮ್ಮೆಜಮಾನ್ರೂ ಕ್ಯೋಟೊದೋರೇ. ಮೂರು ಸಲ ಕೇಳ್ದೆ ಒಂದು ಲೋಟ ಟೀ ಕುಡ್ದೋರಲ್ಲ ಪುಣ್ಯಾತ್ಮ. ಯೂಸಾಕು ಬಂದು ‘ಅಮ್ಮ ಆಗಲ್ಲ ಅಂದ್ರು’ ಅಂದಾಗ್ಲೇ ನಂಗೆ ಗೊತ್ತಾಯ್ತು, ನೀವು ಹಾಗಂದಿಲ್ಲ ಅಂತ. ಇನ್ನೊಂದ್ಸಲ ಕೇಳಿ ನೋಡಪ್ಪ ಅನ್ಬೇಕಿತ್ತು ನಾನು."

"ಅನ್ಲಿಲ್ಲ."

"ಅನ್ಲಿಲ್ಲ. ಅವನು ಮಾತು ಮುಗಿಸೋಕೆ ಮುಂಚೆ ಹೂಂ ಅಂದ್ಬಿಟ್ಟೆ."

"ಗೊತ್ತಿದ್ದೂ ಗೊತ್ತಿದ್ದೂ."

"ಹೂಂ. ಹೊಟ್ಟೆಕಿಚ್ಚು ಕಿನುಯೆ ಅವ್ರೇ, ಇನ್ನೇನು. ಆ ಹುಡುಗಿ ನಮ್ಮನೇಲಿ ಊಟಕ್ಕೆ ಕೂತ್ರೆ ಮೊದಲು ನಿಮ್ಮ ಉಪ್ಪಿನಕಾಯಿ ಕೇಳ್ತಾಳೆ. ಅಂಗಡಿಯಿಂದ ತಂದಿಟ್ರೆ ಮೂಸಿ ನೋಡಿ ಪಕ್ಕಕ್ಕೆ ಸರಿಸ್ತಾಳೆ. ನನ್ನನ್ನ ಊರ ಹೆಸರಲ್ಲಿ ಕರೀತಾಳೆ. ಕೋಬೆ ಅಂದ್ರೆ ಯಾರಾದ್ರೂ ಆಗಬಹುದು. ನಿಮ್ಮದು ಹಾಗಲ್ವಲ್ಲ."

ಕಿನುಯೆಗೆ ಇದನ್ನು ಕೇಳಿ ಮನಸ್ಸು ಕರಗಬೇಕಿತ್ತೇನೋ. ಕರಗಲಿಲ್ಲ. ತನ್ನ ಜಾಡಿಯ ಹೆಸರಿಗೂ ಕರುಬಿದಳಲ್ಲ ಈ ಮುತ್ತಿನ ಸರದವಳು, ಕರುಬಿ ಮಗುವನ್ನೇ ಎತ್ತಿಕೊಂಡಳಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯ ಕೆಳಗೆ ಇನ್ನೊಂದು ಉರಿ. ಇವಳು ಕದ್ದದ್ದಲ್ಲ. ತಾನೇ ತಟ್ಟೆಯಲ್ಲಿ ಬಿಟ್ಟದ್ದು.

"ಈಗ ನಾನೇ ಕೇಳ್ತೀನಿ" ಅಂದಳು ಸಾಯೋಕೊ. "ನಿಮಗೆ ಮಗು ಬೇಕಾ? ನಾನು ಕೋಬೆಯೋಳು, ಒಂದೇ ಸಲ ಕೇಳೋದು."

"ಅಯ್ಯೋ, ಈ ವಯಸ್ಸಲ್ಲಿ ನನ್ನಿಂದೆಲ್ಲಿ…"

ಮಾತು ಹೊರಗೆ ಬಂದಾಗಿತ್ತು. ಅರವತ್ತೆಂಟು ವರ್ಷದ ಅಭ್ಯಾಸ, ತಡೆಯುವುದರೊಳಗೆ ಹಲ್ಲು ದಾಟಿತ್ತು.

ಸಾಯೋಕೊ ಹೂಜಿಯನ್ನು ಪಕ್ಕಕ್ಕೆ ಸರಿಸಿದಳು. "ಸರಿ ಹಾಗಾದ್ರೆ" ಅಂದಳು. ಅಂದು, ದೊಡ್ಡ ತಟ್ಟೆಯ ಕಡೆ ಕೈ ಚಾಚಿದಳು. ಅಲ್ಲಿ ಸೀಗಡಿಯ ಒಂದೇ ತುಂಡು ಉಳಿದಿತ್ತು.

ಕಿನುಯೆಯ ಕಡ್ಡಿಗಳು ಮೊದಲು ಮುಟ್ಟಿದವು. ಕಡ್ಡಿಗೆ ಕಡ್ಡಿ ತಗುಲಿ ಸದ್ದಾಯಿತು. ಇಂಥ ಅಸಭ್ಯ ಸದ್ದು ಅವಳ ಕೈಯಿಂದ ಹುಟ್ಟಿದಂದಿನಿಂದ ಬಂದಿರಲಿಲ್ಲ. ತುಂಡನ್ನು ಎಳೆದುಕೊಂಡು ಬಾಯಿಗಿಟ್ಟಳು. ಅಗಿಯುತ್ತಲೇ ಎದ್ದಳು.

"ಎಲ್ಲಿಗೆ?"

"ಬೇಕು" ಅಂದಳು ಕಿನುಯೆ, ಬಾಯಲ್ಲಿ ಸೀಗಡಿ ಇಟ್ಟುಕೊಂಡೇ.

ಇವತ್ತೂ ಉಟ್ಟಿದ್ದ ಬೂದು ಕಿಮೋನೊದ ಅಂಚು ಎತ್ತಿಕೊಂಡು ಅವಳು ಓಡಿದ ಹಾಗೆ ನಡೆದಳು. ಮಗುವಿನ ಹಿಂದೆ ಓಡಲಾರವು ಅಂದಿದ್ದ ಕಾಲುಗಳು ಅವೇ. ಹಿಂದಿನಿಂದ "ತಾಳಿ, ನಾನೂ ಬರ್ತೀನಿ" ಎಂದು ಸಾಯೋಕೊಳ ಕೂಗು ಬಂತು, ಅವಸರದಲ್ಲಿ ಬೂಟು ಸಿಕ್ಕಿಸಿಕೊಳ್ಳುವ ಸದ್ದು ಬಂತು. ಕಿನುಯೆ ಲಿಫ್ಟಿನೊಳಗೆ ಹೊಕ್ಕಳು. ಬರುವವರಿಗಾಗಿ ಬಾಗಿಲು ಹಿಡಿದು ನಿಲ್ಲುವುದು ಮರ್ಯಾದೆ. ಅವಳು ಬಾಗಿಲು ಮುಚ್ಚುವ ಗುಂಡಿಯನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಳು. ಬೀಗಿತ್ತಿಯ ಮುಖ, ಓರೆಯಾದ ಮುತ್ತಿನ ಸರ, ಎರಡೂ ಬಾಗಿಲ ಸಂದಿಯಲ್ಲಿ ಸಣ್ಣಗಾಗಿ ಮಾಯವಾದವು. ತುಂಬ ದಿನಗಳ ಮೇಲೆ ಕಿನುಯೆಗೆ ಹಾಯೆನಿಸಿತು.

"ಬೇಕು" ಎಂದು ಲಿಫ್ಟಿನ ಕನ್ನಡಿಗೆ ಹೇಳಿ ನೋಡಿದಳು. ಮೊದಲನೆಯದು ಕ್ಷಮೆ ಕೇಳಿದ ಹಾಗಿತ್ತು. "ಬೇಕು, ನನಗೆ ಬೇಕು." ಇದು ಪರವಾಗಿಲ್ಲ.

ಬಾಗಿಲು ತೆರೆದರೆ ಎದುರಿಗೇ ಯೂಸಾಕು, ಹೋಟೆಲಿನ ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೊರಟು ನಿಂತಿದ್ದ.

"ಅಮ್ಮ, ಮುಗೀತಾ? ಮಲಗಿದ್ಲು ಈಗ. ನನಗೇನಾದ್ರೂ ಉಳ್ಸಿದೀರಾ?"

"ಒಂದು ತುಂಡೂ ಉಳ್ಸಿಲ್ಲ. ಯೂಸಾಕು, ಸುಜು ನನಗೆ ಬೇಕು."

ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿಕೊಂಡಿತು. "ಅಮ್ಮ, ನಾನು ಹಬ್ಬದ ದಿನ ಕೇಳಿದ್ನಲ್ಲ. ನೀನೇ ಆಗಲ್ಲ ಅಂದೆ."

"ಅಂದೆ. ನೀನು ಇನ್ನೊಂದ್ಸಲ ಕೇಳ್ಬೇಕಿತ್ತು."

"ನನಗೇನು ಗೊತ್ತು—"

"ಗೊತ್ತಿಲ್ವಾ? ಆ ಮನೇಲಿ ಹುಟ್ಟಿ, ಆ ಮನೆ ಅನ್ನ ತಿಂದು, ನಿಮ್ಮಮ್ಮ ಒಂದೇ ಸಲಕ್ಕೆ ಹೂಂ ಅಂದಿದ್ದನ್ನ ಯಾವತ್ತಾದ್ರೂ ನೋಡಿದೀಯಾ?"

ಯೂಸಾಕುವಿನ ಕಣ್ಣಲ್ಲಿ ಏನೋ ಹಳೆಯದು ಹಾದುಹೋಯಿತು. ಅಪ್ಪ ಮೂರು ಸಲ ಕೇಳಿ ಅಮ್ಮನಿಗೆ ಆ ಬೂದು ರೇಷ್ಮೆ ಕೊಡಿಸಿದ್ದು ನೆನಪಾಯಿತೋ ಏನೋ. ಪಕ್ಕದ ಲಿಫ್ಟು ಇಳಿಯುತ್ತಿರುವ ದೀಪ ಹತ್ತಿತು.

"ಅಮ್ಮ" ಅಂದ, ತಗ್ಗಿದ ದನಿಯಲ್ಲಿ. "ಏಪ್ರಿಲಿಂದ ಸುಜೂನ ನೀನು…"

"ಹೂಂ" ಅಂದಳು ಕಿನುಯೆ.

ಅವನ ವಾಕ್ಯ ಇನ್ನೂ ಅರ್ಧವಾಗಿರಲಿಲ್ಲ. ಪಕ್ಕದ ಲಿಫ್ಟಿನ ಗಂಟೆ ಹೊಡೆಯಿತು. ಏದುಸಿರು ಬಿಡುತ್ತ, ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಸಾಯೋಕೊ ಹೊರಗೆ ಬಂದಳು. ಇಬ್ಬರು ಅಜ್ಜಿಯರಿಗೂ ಮಾತು ಕೊಟ್ಟಾಗಿದ್ದ ಯೂಸಾಕು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಗೋಡೆಗೆ ಒರಗಿ ನಿಂತ. ಕಿನುಯೆ ಹಲ್ಲಿಗೆ ಸಿಕ್ಕಿದ್ದ ಸೀಗಡಿಯ ಕೊನೆಯ ಎಳೆಯನ್ನು ನಾಲಿಗೆಯಿಂದ ಬಿಡಿಸಿಕೊಂಡು ನಿಧಾನವಾಗಿ ನುಂಗಿದಳು.